ಮೂರನೇ ಓದುಗರ ಷರಾ

ಭಾನುವಾರ, ಮಾರ್ಚ್ ಒಂಬತ್ತು
ಮಧ್ಯಾಹ್ನ, ಊಟವಾದ ಮೇಲೆ

ನನ್ನ ಮುದ್ದಿನ ಜೀರುಂಡೆಗೆ,

ನಿನ್ನ ತಲೆ ನೇವರಿಸಿ ಅಮ್ಮ ಬರೆಯುವುದೇನೆಂದರೆ, ಇಲ್ಲಿ ನಾನು ಕ್ಷೇಮ. ನಿಮ್ಮಪ್ಪ ಕ್ಷೇಮಕ್ಕಿಂತ ಒಂದು ಕೈ ಮೇಲೆಯೇ ಇದ್ದಾರೆ. ಗುರುವಾರ ನೀನು ಫೋನಿನಲ್ಲಿ "ಅಮ್ಮಾ, ಸಿಕ್ತು!" ಎಂದು ಕೂಗಿದ ಹೊತ್ತಿನಿಂದ ಅವರ ಕಾಲು ನೆಲದ ಮೇಲಿಲ್ಲ. ನಿವೃತ್ತರಾಗಿ ನಾಲ್ಕು ವರ್ಷವಾದರೂ ಎದುರಿನ ಕಟ್ಟಡದವರು ಲಿಫ್ಟ್ ಕೆಟ್ಟಾಗ ಇವರನ್ನೇ ಕರೆಯುತ್ತಾರಲ್ಲ, ಅವತ್ತೂ ಕರೆದಿದ್ದರು. ರಿಪೇರಿ ಹತ್ತು ನಿಮಿಷದ್ದು. ಆಮೇಲೆ ಒಂದು ಗಂಟೆ ಅದೇ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಾ, ಹತ್ತಿದವರಿಗೆಲ್ಲ "ನನ್ನ ಮಗಳಿಗೆ ಐದು ವರ್ಷದ ಸಂಶೋಧನಾ ನಿಧಿ ಸಿಕ್ಕಿದೆ, ಇಡೀ ದೇಶದಲ್ಲಿ ಎಂಟೇ ಜನಕ್ಕೆ ಕೊಡೋದು" ಎಂದು ಹೇಳಿದ್ದಾರೆ. ಏಳನೇ ಮಹಡಿಯ ಹೆಂಗಸು ನಿನ್ನೆ ಸಿಕ್ಕಿ, "ಎರಡು ಸಲ ಕೇಳ್ದೆ, ಮೂರನೇ ಸಲ ಮೆಟ್ಟಿಲಲ್ಲೇ ಇಳ್ದೆ" ಎಂದರು.

ನಗಬೇಡ. ನಾನೂ ಕಡಿಮೆಯೇನಲ್ಲ. ಅಂಗಡಿ, ಬ್ಯಾಂಕು, ಅಂಚೆ ಕಚೇರಿ, ಎಲ್ಲ ಕಡೆ ಹೇಳಿಯಾಯಿತು. ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದೆ. ಅವರಿಗೆ ಏನು ಅರ್ಥವಾಯಿತೋ, "ನೋವಾಗ್ತಿದೆಯಾ?" ಎಂದರು.

ಮೂವತ್ತೊಂದು ವರ್ಷ ನಾನು ನರ್ಸ್ ಆಗಿದ್ದದ್ದು ಒಂದೇ ವಾರ್ಡಿನಲ್ಲಿ, ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ. ಅಂಗೈಯಗಲದ ಆ ಮಕ್ಕಳಿಗೆ ಸೋಂಕು ತಗುಲಿದರೆ ಹೊರಗೆ ಏನೂ ಕಾಣುವುದಿಲ್ಲ. ಸಂಜೆ ಚೆನ್ನಾಗಿದ್ದ ಮಗು ಬೆಳಗಾಗುವುದರೊಳಗೆ ಕೈ ಬಿಟ್ಟು ಹೋಗುತ್ತಿತ್ತು. ಎಷ್ಟು ಸಲ ಹಾಗಾಯಿತು ಎಂದು ನಿನಗೆ ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ಆ ಸೋಂಕನ್ನು ಒಂದು ದಿನ ಮುಂಚೆಯೇ ರಕ್ತದಲ್ಲಿ ಹಿಡಿಯುವ ಪರೀಕ್ಷೆಯನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಕಂಡುಹಿಡಿಯಲು ಹೊರಟಿದ್ದಾಳೆ, ಅದಕ್ಕೆ ಐದು ವರ್ಷ ಬೇಕಾದ್ದನ್ನೆಲ್ಲ ಕೊಡುತ್ತೇವೆ ಎಂದು ದೊಡ್ಡವರು ಒಪ್ಪಿದ್ದಾರೆ ಎಂದರೆ, ನನಗೆ ಇನ್ನೇನು ಬೇಕು ಹೇಳು.

ಆದರೆ ಈ ಕಾಗದ ಹೆಮ್ಮೆ ಹೇಳಿಕೊಳ್ಳುವುದಕ್ಕೆ ಮಾತ್ರ ಬರೆಯುತ್ತಿಲ್ಲ. ಫೋನ್ ಇಡುವ ಮುಂಚೆ ನೀನು ಒಂದು ಮಾತು ಹೇಳಿದೆ. ಹಿಂದಿನ ಸಲ ನಿನ್ನ ಅರ್ಜಿಗೆ ಖಾರವಾದ ಷರಾ ಬರೆದ "ಮೂರನೇ ಓದುಗರು" ಯಾರೆಂದು ತಿಳಿಸಬೇಕು, ಪ್ರಶಸ್ತಿ ಪತ್ರ ಕೊಡುವ ದಿನ ಅವರನ್ನು ಮುಖತಃ ನೋಡಬೇಕು ಎಂದು ನಿಧಿಯವರಿಗೆ ಬರೆದಿದ್ದೇನೆ ಎಂದೆ. ಶುಕ್ರವಾರ ಬೆಳಿಗ್ಗೆ ನಿಧಿಯ ಕಾರ್ಯದರ್ಶಿ ನನಗೆ ಫೋನ್ ಮಾಡಿದ್ದರು. "ನಿಮ್ಮ ಮಗಳು ಕೇಳ್ತಿದಾರೆ. ಏನಂತ ಉತ್ತರ ಬರೀಲಿ ಸಿಸ್ಟರ್?" ಎಂದರು. ನೀವೇನೂ ಬರೆಯಬೇಡಿ, ನಾನೇ ಬರೆಯುತ್ತೇನೆ ಎಂದೆ.

ಅವರು ನಿಮ್ಮಮ್ಮನಿಗೆ ಯಾಕೆ ಫೋನ್ ಮಾಡಿದರು ಎಂದು ಈಗ ಹುಬ್ಬು ಗಂಟಿಕ್ಕಿಕೊಂಡಿದ್ದೀಯ. ಸ್ವಲ್ಪ ತಾಳು. ಇದನ್ನು ಫೋನಿನಲ್ಲಿ ಹೇಳಹೊರಟರೆ ನನ್ನ ಮೊದಲ ವಾಕ್ಯಕ್ಕೇ ನೀನು ಬಾಯಿ ಹಾಕುತ್ತೀಯ. ಕಾಗದಕ್ಕೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ.

ನನ್ನ ಹೊಲಿಗೆ ತರಗತಿ ನೆನಪಿದೆಯಲ್ಲ? ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಎರಡು ವಾರ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಹೋಗುತ್ತಿದ್ದೆ. ಎಂಟು ವರ್ಷ ಕಲಿತರೂ ಒಂದು ದಿಂಬಿನ ಚೀಲ ಕೂಡ ಹೊರಬರಲಿಲ್ಲ ಎಂದು ನೀನೂ ನಿಮ್ಮಪ್ಪನೂ ಸೇರಿ ಎಷ್ಟು ಆಡಿಕೊಂಡಿರಿ. ಅಲ್ಲಿ ಹೊಲಿಗೆ ಇದ್ದರೆ ತಾನೇ ಚೀಲ ಬರುವುದು! ನಾನು ಹೋಗುತ್ತಿದ್ದದ್ದು ಆ ನಿಧಿಯ ಕಚೇರಿಗೆ.

ನಿಧಿಯನ್ನು ಕಟ್ಟಿದವರು ಅಂಗಿಯ ಗುಂಡಿ ಮಾಡುವ ಕಾರ್ಖಾನೆಯ ಯಜಮಾನರು. ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಸಂಶೋಧಕರು ಅವರ ಹತ್ತಿರ ಬಂದು ಉದ್ದುದ್ದ ಮಾತಾಡಿದರೆ ಅವರು, "ನಾನು ಗುಂಡಿ ಮಾಡೋನು. ನನಗೆ ತಿಳಿಯೋ ಹಾಗೆ ಒಂದು ಪುಟದಲ್ಲಿ ಬರೀರಿ. ಆಗಲ್ಲ ಅಂದ್ರೆ ನಿಮಗೇ ಇನ್ನೂ ತಿಳಿದಿಲ್ಲ ಅಂತ ಅರ್ಥ" ಎನ್ನುತ್ತಿದ್ದರಂತೆ. ಅವರು ಹೋದ ಮೇಲೂ ಆ ಕ್ರಮ ಉಳಿಯಿತು. ದೊಡ್ಡ ವಿಜ್ಞಾನಿಗಳ ಕೈಗೆ ಅರ್ಜಿ ಹೋಗುವ ಮುಂಚೆ, ಅದರ ಮೊದಲ ಪುಟವನ್ನು ಮಾತ್ರ, ಹೆಸರು ತೆಗೆದು ಬರೀ ಸಂಖ್ಯೆ ಹಾಕಿ, ಮೂವರು ಸಾಮಾನ್ಯರ ಮುಂದೆ ಇಡುತ್ತಾರೆ. ಒಂದನೇ ಓದುಗರು ನಿವೃತ್ತ ಬಸ್ ಚಾಲಕರು. ಎರಡನೆಯವರು ಶಾಲೆಯ ಗಣಿತದ ಮೇಷ್ಟ್ರು. ಮೂರನೆಯವಳು ನಾನು.

ಹೌದಮ್ಮ. ಮೂರನೆಯವಳು ನಾನು.

ಉಸಿರು ತೆಗೆದುಕೊಂಡು ಮುಂದೆ ಓದು.

ನಾವು ಓದುಗರೆಂದು ಮನೆಯಲ್ಲಿ ಗಂಡನಿಗೂ ಹೇಳುವಂತಿರಲಿಲ್ಲ. ಗುಟ್ಟು ರಟ್ಟಾದರೆ ಶಿಫಾರಸು ಹಿಡಿದು ಜನ ಬರುತ್ತಾರೆ ಎಂದು ಆ ಕಟ್ಟುಪಾಡು. ಎರಡನೇ ಮಹಡಿಯಲ್ಲಿ ಓದುವ ಕೋಣೆ. ಉದ್ದನೆಯ ಮೇಜು, ಮೂರು ಕುರ್ಚಿ, ಗೋಡೆಯ ಗಾಜಿನ ಬೀರುವಿನಲ್ಲಿ ಕಾರ್ಖಾನೆಯ ಹಳೆಯ ಗುಂಡಿಗಳು. ಚೀಲ ಹೊರಗಿಡಬೇಕು. ಪೆನ್ಸಿಲಿನಲ್ಲೇ ಬರೆಯಬೇಕು. ಪ್ರತಿ ಪುಟಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ, ಕೆಳಗೆ ಒಂದೆರಡು ಸಾಲಿನ ಷರಾ. ಆ ಷರಾ ಒಂದಕ್ಷರವೂ ಬದಲಾಗದೆ ಅರ್ಜಿ ಹಾಕಿದವರಿಗೆ ಹೋಗುತ್ತದೆ. ಓದಲು ಕೂರುವ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕುತ್ತೇವೆ: ನನ್ನ ಬಂಧುಗಳು ಯಾರೂ ಅರ್ಜಿ ಹಾಕಿಲ್ಲ, ಯಾವುದೇ ಪುಟ ಯಾರದೆಂದು ಗುರುತು ಸಿಕ್ಕರೆ ಓದದೆ ಹಿಂದಿರುಗಿಸುತ್ತೇನೆ.

ನಿನಗೆ ಹೇಗೆ ಹೇಳಲಿ, ಆ ಎರಡು ವಾರಕ್ಕಾಗಿ ವರ್ಷವಿಡೀ ಕಾಯುತ್ತಿದ್ದೆ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಡಾಕ್ಟರು ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ. ಇಲ್ಲಿ ನಾನು ಬರೆದದ್ದನ್ನು ಡಾಕ್ಟರೇಟು ಪಡೆದವರು ಓದುತ್ತಿದ್ದರು. ಮೂಳೆ, ಮಿದುಳು, ಕಣ್ಣಿನ ಪೊರೆ, ಮಲೇರಿಯಾ, ಎಲ್ಲದರ ಮೇಲೂ ಮೂವತ್ತು ಮೂವತ್ತೆರಡು ವರ್ಷದ ಹುಡುಗರು ಹುಡುಗಿಯರು ಏನೇನು ಯೋಚನೆ ಮಾಡುತ್ತಿದ್ದಾರೆ ಎಂದು ಓದಿ ಬಸ್ಸಿನಲ್ಲಿ ಮನೆಗೆ ಬರುವಾಗ ಎದೆ ತುಂಬಿರುತ್ತಿತ್ತು. ಯಾರಿಗೂ ಹೇಳುವಂತಿಲ್ಲವಲ್ಲ, ಅದೊಂದೇ ಸಂಕಟ. ನಿಮ್ಮಪ್ಪ "ಇವತ್ತೇನು ಹೊಲಿದೆ?" ಎಂದರೆ "ಕಾಜಾ" ಎನ್ನುತ್ತಿದ್ದೆ.

ನೀನು ಮೊದಲ ಸಲ ಅರ್ಜಿ ಹಾಕಿದಾಗ ಊರಿಗೆಲ್ಲ ಡಂಗುರ ಸಾರಿದ್ದೆ. ಹಾಗಾಗಿ ಆ ವರ್ಷ ನಾನು ಕಾರ್ಯದರ್ಶಿಯವರಿಗೆ ಹೇಳಿ ಹಿಂದೆ ಸರಿದೆ, ಬೇರೆಯವರು ಓದಿದರು. ಮನೆಯಲ್ಲಿ "ಈ ಸಲ ಟೀಚರಿಗೆ ಹುಷಾರಿಲ್ಲ, ತರಗತಿ ಇಲ್ಲ" ಎಂದೆ. ಆ ಸಲ ನಿನಗೆ ಸಿಗಲಿಲ್ಲ. ಕಂಡಕಂಡವರೆಲ್ಲ "ಏನಾಯ್ತು, ಏನಾಯ್ತು" ಎಂದು ಕೇಳಿ ನಿನ್ನನ್ನು ಹಣ್ಣುಗಾಯಿ ಮಾಡಿದರು. ಅದಕ್ಕೇ ಎರಡನೇ ಸಲ ನೀನು ತುಟಿ ಪಿಟಕ್ಕೆನ್ನದೆ ಅರ್ಜಿ ಹಾಕಿದೆ. ನಮಗೂ ಹೇಳಲಿಲ್ಲ. ನಾನು ಹೋಗಿ, ನನ್ನ ಬಂಧುಗಳು ಯಾರೂ ಅರ್ಜಿ ಹಾಕಿಲ್ಲ ಎಂದು ಸಹಿ ಹಾಕಿ ಕುಳಿತೆ. ನೀನು ಗುಟ್ಟು ಮಾಡಿದೆ, ನಾನೂ ಗುಟ್ಟು ಮಾಡಿದೆ. ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳುತ್ತಾರೆಯೇ?

ಎರಡನೇ ದಿನ ಮಧ್ಯಾಹ್ನ ಇಪ್ಪತ್ತೇಳನೇ ಸಂಖ್ಯೆಯ ಪುಟ ನನ್ನ ಮುಂದೆ ಬಂತು. ನನ್ನದೇ ವಾರ್ಡಿನ ಮಕ್ಕಳ ವಿಷಯ! ಖುಷಿಯಿಂದಲೇ ಎತ್ತಿಕೊಂಡೆ. ಅರ್ಧಕ್ಕೆ ಬರುವಷ್ಟರಲ್ಲಿ ಪಿತ್ತ ನೆತ್ತಿಗೇರಿತ್ತು. "ಅವಧಿಪೂರ್ವ ಶಿಶುಗಳಿಂದ ದಿನಕ್ಕೆ ಒಂದು ಮಿಲಿಲೀಟರಿನಂತೆ ಐದು ದಿನ ರಕ್ತದ ಮಾದರಿಗಳನ್ನು ಸುಲಭವಾಗಿ ಪಡೆಯಬಹುದಾಗಿದೆ" ಎಂದು ಅದರಲ್ಲಿತ್ತು. ಸುಲಭವಾಗಿ! ಕೂದಲೆಳೆಯಂಥ ರಕ್ತನಾಳ ಹುಡುಕುತ್ತಾ, ಮಗುವಿನ ಹಿಮ್ಮಡಿಯನ್ನು ಬೆಚ್ಚಗೆ ಹಿಡಿದುಕೊಂಡು, ತಾಯಿಯ ಮುಖ ನೋಡಲಾರದೆ ತಲೆ ತಗ್ಗಿಸಿ ನಿಂತವಳು ನಾನು. ಪೆನ್ಸಿಲ್ ತೆಗೆದುಕೊಂಡು ಬರೆದೆ. ಏನು ಬರೆದೆ ಎಂದು ನಿನಗೆ ಬಾಯಿಪಾಠವಿದೆ, ಆದರೂ ನನ್ನ ಕೈಯಿಂದ ಇನ್ನೊಮ್ಮೆ ಬರೆಯುತ್ತೇನೆ:

"ಎಂಟುನೂರು ಗ್ರಾಂ ತೂಗುವ ಮಗುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಒಂದು ಸಣ್ಣ ಟೀ ಲೋಟ ತುಂಬುವುದಿಲ್ಲ. ಅದರಲ್ಲಿ ಐದು ಮಿಲಿ ಸುಲಭವಾಗಿ ಸಿಗುತ್ತದೆ ಎಂದು ಬರೆದವರು ಅಂಥ ಮಗುವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದಿದ್ದಾರೆಯೇ?"

ಹತ್ತಕ್ಕೆ ಮೂರು ಕೊಟ್ಟೆ. ಹಿರಿಯರು ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿನ್ನ ಪಾಲಿಗೆ ಆ ಗಾದೆಯೂ ಸುಳ್ಳಾಯಿತು.

ಡಿಸೆಂಬರಿನಲ್ಲಿ ಒಂದು ಸಂಜೆ ನೀನು ಫೋನ್ ಮಾಡಿದೆ. ನಾನು ನಿಮ್ಮಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಎರಡನೇ ಸಲವೂ ಅರ್ಜಿ ಹಾಕಿದ್ದೆ, ಸಂದರ್ಶನಕ್ಕೂ ಕರೆಯಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅಲ್ಲಿಯವರೆಗೆ ನನಗೆ ಏನೂ ಹೊಳೆದಿರಲಿಲ್ಲ ಎಂದು ಇದನ್ನು ಓದುತ್ತಾ ನೀನು ಅಂದುಕೊಳ್ಳುತ್ತಿರಬೇಕು. ಆಮೇಲೆ ನೀನು, "ಕೇಳಮ್ಮಾ, ಮೂರನೇ ಓದುಗರಂತೆ, ಏನು ಬರೆದಿದಾರೆ ಅಂತ" ಎಂದು ಓದತೊಡಗಿದೆ. ಟೀ ಲೋಟ ಎನ್ನುವಲ್ಲಿಗೆ ಅಂಗಿಯ ಕಾಲರು ಸುಟ್ಟು ವಾಸನೆ ಬಂತು.

ನೀನು ಆ ಓದುಗರಿಗೆ ಏನೇನು ಅಂದೆ ಎಂದು ನೆನಪಿದೆಯೋ ಇಲ್ಲವೋ. ನನಗೆ ಪೂರ್ತಿ ನೆನಪಿದೆ. "ಯಾವುದೋ ಕೆಲಸವಿಲ್ಲದ ಮುದುಕಿ ಇರಬೇಕು, ಲ್ಯಾಬು ಅಂದ್ರೇನು ಅಂತಾನೇ ಗೊತ್ತಿಲ್ಲ" ಎಂದೆ. ಕೆಲಸವಿಲ್ಲದ್ದೂ ನಿಜ, ಮುದುಕಿಯೂ ನಿಜ, ಲ್ಯಾಬೂ ಗೊತ್ತಿಲ್ಲ. ಮೂರಕ್ಕೆ ಮೂರು ಸರಿ ಹೇಳಿದ್ದೀಯ. ನಾನು ಏನಂದೆ ಗೊತ್ತೇ? "ಹೌದಮ್ಮ, ಎಂತೆಂಥ ಜನ ಇರ್ತಾರೋ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅಷ್ಟೂ ಮಾಡದೆ ಕಳ್ಳನನ್ನು ಬೈಯುವವರ ಜೊತೆ ಸೇರಿಕೊಂಡೆ. ನನ್ನ ಜನ್ಮದಲ್ಲಿ ಅದಕ್ಕಿಂತ ಹೇಡಿ ಮಾತು ಆಡಿಲ್ಲ.

ಆಮೇಲೆ ನೀನು ಅಳಲು ಶುರು ಮಾಡಿದೆ. ಅರ್ಜಿ ಹಾಕಲು ಎರಡೇ ಅವಕಾಶ, ಎರಡೂ ಮುಗಿಯಿತು. ನಿನ್ನ ಸಂಸ್ಥೆಯವರು ಲ್ಯಾಬಿಗೆಂದು ಕೋಣೆ ಕೊಟ್ಟದ್ದು ಮೂರು ವರ್ಷಕ್ಕೆ, ಇನ್ನು ಒಂದೂವರೆ ವರ್ಷಕ್ಕೆ ಅದನ್ನೂ ಖಾಲಿ ಮಾಡಬೇಕು. ಯಂತ್ರ ಮಾರುವ ಕಂಪನಿಯೊಂದು ಕರೆಯುತ್ತಿದೆ, ಹೋಗಿಬಿಡುತ್ತೇನೆ ಎಂದೆ. ಯಂತ್ರ ಮಾರುವುದು ಕೀಳಲ್ಲ. ಆದರೆ ನೀನು ಹನ್ನೊಂದು ವರ್ಷದವಳಿದ್ದಾಗ ನನ್ನ ಡ್ಯೂಟಿ ಮುಗಿಯುವುದನ್ನು ಕಾಯುತ್ತಾ ವಾರ್ಡಿನ ಕಿಟಕಿಗೆ ಮೂಗು ಒತ್ತಿ ನಿಂತು, "ಆ ಮೂಲೇಲಿರೋ ಪಾಪುಗೆ ಏನಾಗಿದೆ, ನಿಮಗೆ ಯಾರಿಗೂ ಯಾಕೆ ಗೊತ್ತಾಗ್ತಿಲ್ಲ?" ಎಂದು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡವಳು. ಅವಳು ಕೋಣೆ ಖಾಲಿ ಮಾಡಿಕೊಂಡು ಹೋಗುವುದು, ಅದಕ್ಕೆ ನನ್ನ ಪೆನ್ಸಿಲು ಕಾರಣವಾಗುವುದು, ನನ್ನಿಂದ ಸಹಿಸಲಾಗಲಿಲ್ಲ.

ಎರಡು ದಿನ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಇದ್ದೆ. ಹೇಳಿದರೆ ಓದುಗರ ಕೆಲಸ ಹೋಗುತ್ತದೆ, ನಿನಗೆ ಗೊತ್ತಾದರೆ ನೀನು ಮುಖ ತಿರುಗಿಸುತ್ತೀಯ. ಹೇಳದಿದ್ದರೆ ನಿನ್ನ ದಾರಿ ಅಲ್ಲಿಗೆ ಮುಗಿಯುತ್ತದೆ. ಕೊನೆಗೆ ನಿಮ್ಮಪ್ಪನ ಮುಂದೆ ಹೊಲಿಗೆ ತರಗತಿಯ ನಿಜ ಬಿಚ್ಚಿಟ್ಟೆ. ಅವರು ಮೊದಲು, "ಅಂದ್ರೆ ಕಾಜಾನೂ ಸುಳ್ಳಾ?" ಎಂದರು. ಆಮೇಲೆ, "ಲಿಫ್ಟ್ ಮಧ್ಯ ನಿಂತ್ರೆ ಒಳಗಿರೋರು ಎಷ್ಟು ಹೊತ್ತು ಸುಮ್ನೆ ಕೂತ್ರೂ ಅದು ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಗಂಟೆ ಒತ್ತಬೇಕು. ಹೋಗಿ ಒತ್ತು" ಎಂದರು. ಮೂವತ್ತೈದು ವರ್ಷದಲ್ಲಿ ನನಗೆ ಅವರು ಹೇಳಿದ ಒಂದೇ ಒಂದು ಬುದ್ಧಿಮಾತು, ಅದೂ ಸರಿಯಾಗಿತ್ತು.

ಹೋಗಿ ಒತ್ತಿದೆ. ಕಾರ್ಯದರ್ಶಿಯವರು ಎಷ್ಟು ಅಚ್ಚುಕಟ್ಟಿನ ಮನುಷ್ಯ ಎಂದರೆ, ನನ್ನ ಮಾತು ಮುಗಿಯುವವರೆಗೂ ಮೇಜಿನ ಮೇಲಿನ ಪೆನ್ಸಿಲುಗಳನ್ನು ಒಂದೇ ಉದ್ದಕ್ಕೆ ಜೋಡಿಸುತ್ತಾ ಇದ್ದರು. ಕೊನೆಗೆ, "ಓದುವಾಗ ಗುರುತು ಸಿಕ್ಕಿತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ನಿಯಮದ ಪುಸ್ತಕ ತೆಗೆದು ಓದಿ ಕಡ್ಡಿ ಮುರಿದಂತೆ ಹೇಳಿದರು. ಬಂಧುಗಳು ಓದಿದ ಅರ್ಜಿ, ಅಂಕ ಹೆಚ್ಚು ಕೊಟ್ಟಿರಲಿ ಕಡಿಮೆ ಕೊಟ್ಟಿರಲಿ, ಕ್ರಮಬದ್ಧವಲ್ಲ. ಈ ವರ್ಷದ ಪಟ್ಟಿ ಮುಗಿದಿದೆ, ಅದನ್ನು ಮತ್ತೆ ತೆರೆಯುವಂತಿಲ್ಲ. ಆದರೆ ನಿನ್ನ ಆ ಪ್ರಯತ್ನ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಅರ್ಜಿ ಹಾಕಬಹುದು. ನಾನು ಇನ್ನು ಮುಂದೆ ಓದುವಂತಿಲ್ಲ. ಮಗಳಿಗೆ ಕಾರಣ ತಿಳಿಸಬೇಡಿ ಎಂದು ಬೇಡಿಕೊಂಡೆ. ಅವರು "ಕಚೇರಿಯಲ್ಲಿ ಕ್ರಮಲೋಪವಾಗಿದೆ ಅಂತಷ್ಟೇ ಬರೀತೀನಿ" ಎಂದು ಒಪ್ಪಿದರು. ಬಾಗಿಲವರೆಗೆ ಬಂದು, "ಎಂಟು ವರ್ಷದಲ್ಲಿ ನಿಮ್ಮ ಷರಾಗಳಷ್ಟು ಬೈಗುಳ ತಂದುಕೊಟ್ಟದ್ದು ಯಾವುದೂ ಇಲ್ಲ ಸಿಸ್ಟರ್. ಅಷ್ಟು ಉಪಯೋಗಕ್ಕೆ ಬಂದದ್ದೂ ಇಲ್ಲ" ಎಂದರು. ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿ ಕುಳಿತವರು ಕಿಟಕಿ ತೆರೆದುಕೊಟ್ಟರು.

ಅವರ ಪತ್ರ ಸಿಕ್ಕಿದ ದಿನ ನೀನು "ನನ್ನ ಅದೃಷ್ಟ ನೋಡಮ್ಮ, ಯಾರೋ ಗುಮಾಸ್ತ ತಪ್ಪು ಮಾಡಿದಾನೆ!" ಎಂದು ಕುಣಿದಾಡಿದೆ. ಗುಮಾಸ್ತ ಪಾಪ, ಏನೂ ಮಾಡಿರಲಿಲ್ಲ.

ಇಷ್ಟರವರೆಗೆ ನನ್ನ ಕಥೆ. ಇಲ್ಲಿಂದ ಮುಂದಿನದು ನಿನ್ನದು, ಅದನ್ನು ಬರೆಯುವಾಗ ನನ್ನ ಕೈ ತಾನಾಗಿಯೇ ಓಡುತ್ತದೆ. ನೀನು ಆ ಷರಾವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಲ್ಯಾಬಿನ ಫ್ರೀಜರ್ ಬಾಗಿಲಿಗೆ ಅಂಟಿಸಿದೆ. ಸಿಟ್ಟಿನಿಂದಲೇ ಅಂಟಿಸಿದ್ದು. ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ತೆಗೆಯುವಾಗಲೂ ಅದನ್ನು ಓದಿ, ಒಂದು ತಿಂಗಳಿಗೆ ಸಿಟ್ಟು ಇಳಿದು, "ಅಮ್ಮಾ, ನಿನ್ನ ಹಳೇ ವಾರ್ಡಿಗೆ ನನ್ನನ್ನ ಒಳಗೆ ಬಿಡ್ತಾರಾ?" ಎಂದು ಕೇಳಿದೆ. ಮೂರು ವಾರ ಅಲ್ಲೇ ಇದ್ದೆ. ಬೆಳಿಗ್ಗೆ ಏಳಕ್ಕೆ ಕೈ ತೊಳೆದು, ಮೊಣಕೈವರೆಗೆ ಉಜ್ಜಿ, ಈಗಿನ ಸಿಸ್ಟರು ಹೇಳಿದ ಕಡೆ ನಿಂತೆ. ನಾಲ್ಕನೇ ದಿನ ಅವರು ಒಂದು ಮಗುವನ್ನು ನಿನ್ನ ಅಂಗೈಗೆ ಕೊಟ್ಟರಂತೆ. ಅವತ್ತು ಫೋನಿನಲ್ಲಿ ನೀನು "ಅಮ್ಮಾ, ತೂಕಾನೇ ಇಲ್ಲ" ಎಂದೆ, ಅಷ್ಟೆ. ಮಾತಿಗೆ ಮಾತು ಸೇರಿಸಿ ಜೀರುಂಡೆ ಎಂದು ಹೆಸರು ಗಿಟ್ಟಿಸಿದವಳ ಬಾಯಲ್ಲಿ ಎರಡೇ ಮಾತು.

ಎರಡನೇ ವಾರದಲ್ಲಿ ನೀನು ಕಂಡದ್ದನ್ನು ಮೂವತ್ತೊಂದು ವರ್ಷ ಅಲ್ಲೇ ಇದ್ದ ನಾನು ಕಂಡಿರಲಿಲ್ಲ. ದಿನನಿತ್ಯದ ಪರೀಕ್ಷೆಗೆಂದು ಹೇಗೂ ತೆಗೆಯುವ ರಕ್ತದಲ್ಲಿ, ಪರೀಕ್ಷೆ ಮುಗಿದ ಮೇಲೆ, ಕೊಳವೆಯ ತಳದಲ್ಲಿ ಎರಡು ಹನಿ ಉಳಿಯುತ್ತದೆ. ಅದನ್ನು ಎಲ್ಲರೂ ಕಸಕ್ಕೆ ಹಾಕುತ್ತಿದ್ದೆವು. ನಾನೇ ಸಾವಿರಾರು ಕೊಳವೆ ಎಸೆದಿದ್ದೇನೆ! ಹೊಸದಾಗಿ ಒಂದು ಹನಿಯನ್ನೂ ತೆಗೆಯುವುದಿಲ್ಲ, ಎಸೆಯುವ ಎರಡು ಹನಿಯಲ್ಲೇ ನನ್ನ ಪರೀಕ್ಷೆ ಆಗಬೇಕು ಎಂದು ಹಟ ಹಿಡಿದೆ. ಐದು ತಿಂಗಳು ಆಗಲಿಲ್ಲ. ನಿನ್ನ ವಿದ್ಯಾರ್ಥಿಗಳಿಬ್ಬರೂ ಕೈಚೆಲ್ಲಿದರು. ಆರನೇ ತಿಂಗಳು ಆಯಿತು.

ಹೊಸ ಮೊದಲ ಪುಟವನ್ನು ನೀನು ನನಗೆ ಫೋನಿನಲ್ಲಿ ಓದಿ ಹೇಳಿದೆ. ನನ್ನ ಕೈಯಲ್ಲಿ ಪೆನ್ಸಿಲ್ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. "ಈ ಮಕ್ಕಳ ರಕ್ತ ಬಹಳ ಕಡಿಮೆ. ಆದ್ದರಿಂದ ನಾವು ಅದನ್ನು ಕೇಳುವುದಿಲ್ಲ. ಎಸೆಯುವುದನ್ನು ಮಾತ್ರ ಕೇಳುತ್ತೇವೆ" ಎಂದು ಶುರುವಾಗುತ್ತಿತ್ತು. ಗುಂಡಿ ಕಾರ್ಖಾನೆಯ ಯಜಮಾನರು ಇದ್ದಿದ್ದರೆ ಎದ್ದು ನಿಂತು ಓದುತ್ತಿದ್ದರು. ಸಂದರ್ಶನದಲ್ಲಿ ಒಬ್ಬ ಹಿರಿಯ ವಿಜ್ಞಾನಿ, ಎರಡೇ ಹನಿ ಎಂದು ನಿಮ್ಮನ್ನು ನೀವೇ ಯಾಕೆ ಕಟ್ಟಿಹಾಕಿಕೊಳ್ಳುತ್ತೀರಿ, ಹೆಚ್ಚು ರಕ್ತವಿದ್ದರೆ ಹೆಚ್ಚು ತಿಳಿಯುವುದಿಲ್ಲವೇ ಎಂದು ಕೇಳಿದಾಗ ನೀನು, "ಹೆಚ್ಚು ತಿಳಿಯುತ್ತೆ ಸರ್, ಆದ್ರೆ ಅದು ನನ್ನ ಲ್ಯಾಬಲ್ಲಿ ಮಾತ್ರ ನಡೆಯುತ್ತೆ. ಇದು ಯಾವ ವಾರ್ಡಲ್ಲಾದ್ರೂ ನಡೆಯುತ್ತೆ" ಎಂದೆಯಂತೆ. ಆ ಉತ್ತರವನ್ನು ನಿಮ್ಮಪ್ಪ ಲಿಫ್ಟಿನಲ್ಲಿ ಹೇಳುವುದಕ್ಕೆಂದು ಉರು ಹೊಡೆದಿದ್ದಾರೆ.

ಹೋದ ಸೆಪ್ಟೆಂಬರಿನಲ್ಲಿ ನಿನ್ನ ಪುಟವನ್ನು ಓದಿದ ಹೊಸ ಮೂರನೇ ಓದುಗರು ಯಾರೋ ನನಗೆ ಗೊತ್ತಿಲ್ಲ. ನನಗೂ ನಿನ್ನ ನಿಧಿಗೂ ಯಾವ ಸಂಬಂಧವೂ ಇಲ್ಲ. ನೀನು ಗೆದ್ದದ್ದು ನಿನ್ನ ಕೆಲಸದಿಂದಲೇ, ಆ ಸಂಶಯ ನಿನ್ನ ತಲೆಗೆ ಬರಕೂಡದು. ಆ ಎರಡು ವಾರ ನಾನು ಮನೆಯಲ್ಲಿ ಕೂರಲಾರದೆ ನಿಜವಾಗಿಯೂ ಹೊಲಿಗೆ ತರಗತಿಗೆ ಸೇರಿದೆ. ಟೀಚರು ನಾನು ಹೊಲಿದದ್ದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಏನು ಎಂದು ಕೇಳಿದರು.

ಈಗ ಕೇಳು. ಆ ಷರಾಗೆ ನಾನು ಕ್ಷಮೆ ಕೇಳುವುದಿಲ್ಲ. ಅದರಲ್ಲಿರುವ ಪ್ರತಿ ಅಕ್ಷರವೂ ನಿಜ, ಈಗ ಅದು ನಿನಗೂ ಗೊತ್ತು. ಕ್ಷಮೆ ಕೇಳುವುದು ಇಸ್ತ್ರಿಪೆಟ್ಟಿಗೆ ಹಿಡಿದು ಸುಮ್ಮನೆ ನಿಂತದ್ದಕ್ಕೆ, "ಎಂತೆಂಥ ಜನ" ಎಂದದ್ದಕ್ಕೆ, ಹದಿನೈದು ತಿಂಗಳು ನಿನ್ನ ಜೊತೆ ದಿನಾ ಮಾತಾಡಿಯೂ ಇದನ್ನು ಬಚ್ಚಿಟ್ಟದ್ದಕ್ಕೆ. ಪ್ರಶಸ್ತಿಯ ದಿನ ನೀನು ಮೂರನೇ ಓದುಗರನ್ನು ವೇದಿಕೆಗೆ ಕರೆದು ನಮಸ್ಕಾರ ಮಾಡಬೇಕು ಎಂದುಕೊಂಡಿದ್ದೀಯ ಎಂದು ಕಾರ್ಯದರ್ಶಿಯವರು ಹೇಳಿದರು. ಅದು ಬೇಡ. ನನಗೆ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಇಡಿಸಿದರೆ ಸಾಕು, ಅಮ್ಮ ಎಂದು. ಅದನ್ನೂ ಇಡಿಸುವ ಮನಸ್ಸಿಲ್ಲದಿದ್ದರೆ ಹಿಂದಿನ ಸಾಲಿನಲ್ಲಿ ನಿಂತಾದರೂ ನೋಡುತ್ತೇನೆ. ಬರದೆ ಮಾತ್ರ ಇರುವುದಿಲ್ಲ. ಈ ಜನ್ಮದಲ್ಲಿ ನಾನು ಕಂಡ ಎಲ್ಲ ಮೊದಲ ಪುಟಗಳಲ್ಲಿ ನಿನ್ನದೇ ಒಳ್ಳೆಯದು, ಇದನ್ನು ಅಮ್ಮನಾಗಿ ಅಲ್ಲ, ನೂರಾರು ಪುಟ ಓದಿದವಳಾಗಿ ಹೇಳುತ್ತಿದ್ದೇನೆ.

ಸರಿಯಾಗಿ ಊಟ ಮಾಡು. ಸಿಟ್ಟು ಬಂದರೆ ಎರಡು ದಿನ ಫೋನ್ ಮಾಡಬೇಡ, ಮೂರನೇ ದಿನ ಮಾಡು.

ನಿನ್ನನ್ನು ಹೆತ್ತು ಬೀಗುತ್ತಿರುವ,
ಅಮ್ಮ

ಮರೆತ ಮಾತು: ಕಾಗದ 'ಅಮ್ಮ' ಎಂದು ಸಹಿ ಹಾಕಿ ಮಡಚಿಯಾಗಿತ್ತು. ಮತ್ತೆ ಬಿಚ್ಚಿದ್ದೇನೆ. ಮರೆತ ಮಾತು ಎಂದದ್ದೂ ಸುಳ್ಳೇ, ಇದನ್ನು ಮರೆತಿರಲಿಲ್ಲ. ಗುರುತು ಸಿಕ್ಕಿತ್ತಾ ಎಂದು ಕಾರ್ಯದರ್ಶಿಯವರು ಕೇಳಿದಾಗ ಇಲ್ಲ ಎಂದೆ ಎಂದು ಮೇಲೆ ಬರೆದಿದ್ದೇನೆ. ಹಾಗೆ ಅಂದದ್ದು ನಿಜ. ಆದರೆ ಸಿಕ್ಕಿತ್ತು. ನೀನು ಶಾಲೆಯ ಪ್ರಬಂಧದ ಕಾಲದಿಂದಲೂ "ಮೊದಲನೆಯದಾಗಿ" ಎಂದು ಶುರು ಮಾಡಿ "ಎರಡನೆಯದಾಗಿ" ಎನ್ನುವುದನ್ನು ಬರೆಯದೆ ಬಿಡುವವಳು. ಇಪ್ಪತ್ತೇಳನೇ ಪುಟದಲ್ಲಿ ಮೂರು ಕಡೆ ಮೊದಲನೆಯದಾಗಿ ಇತ್ತು, ಎರಡನೆಯದು ಒಂದೂ ಇರಲಿಲ್ಲ. ಹಾಗೆ ಬರೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಪುಟವನ್ನು ಹಿಂದಿರುಗಿಸದೆ ಇಟ್ಟುಕೊಂಡೆ. ಷರಾ ಯಾರ ಪುಟಕ್ಕಾದರೂ ಅದನ್ನೇ ಬರೆಯುತ್ತಿದ್ದೆ. ಅಂಕ ಮಾತ್ರ ಹಾಗಲ್ಲ. ಪೆನ್ಸಿಲು ಮೊದಲು ಐದು ಎಂದು ಬರೆದಿತ್ತು. ನನ್ನ ಮಗಳಾದವಳು ಇಷ್ಟು ಮಾಮೂಲಾಗಿ ಬರೆಯಬಾರದು ಎಂಬ ಜಂಬದಲ್ಲಿ ಅದನ್ನು ಅಳಿಸಿ ಮೂರು ಮಾಡಿದೆ. ಸಂದರ್ಶನದ ಪಟ್ಟಿಗೆ ನಿನಗೆ ಆ ವರ್ಷ ಕಡಿಮೆ ಬಿದ್ದದ್ದು ಎರಡು ಅಂಕ. ಬೇರೆ ಯಾರ ಮಗಳಾಗಿದ್ದರೂ ನಾನು ಐದು ಕೊಡುತ್ತಿದ್ದೆ.